ಹೊಟ್ಟೆಪಾಡು ಆಮೇಲೆ, ಮೊದಲು ಮೈ ಬೆಚ್ಚಗಿರಲಿ

ಮಾನ್ಯರೇ,

ಕಾಡಿನಲ್ಲಿ ದಾರಿ ತಪ್ಪಿದವರು ಜೀವ ಉಳಿಸಿಕೊಳ್ಳುವ ಬಗೆ ಕುರಿತ ಪುಸ್ತಕದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಓದುಗರ ಅಭಿಪ್ರಾಯಗಳಿಗೆ ಈ ಪ್ರತಿಕ್ರಿಯೆ. ‘ಆಸರೆಗೆ ಅಷ್ಟೊಂದು ಪುಟ, ಆಹಾರಕ್ಕೆ ಕೊನೆಯ ಅಧ್ಯಾಯ’ ಎಂಬುದು ಹೆಚ್ಚಿನವರ ದೂರು. ಪುಸ್ತಕ ಗೆದ್ದಿರುವುದೇ ಅಲ್ಲಿ. ಅನ್ನವಿಲ್ಲದೆ ಆರೋಗ್ಯವಂತರು ವಾರಗಟ್ಟಲೆ ತಡೆದಾರು. ಮಳೆಯಲ್ಲಿ ತೊಯ್ದು ಗಾಳಿಗೆ ಸಿಕ್ಕವರ ಮೈಶಾಖ ಕೆಲವೇ ಗಂಟೆಗಳಲ್ಲಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ಆಗ ಬೆರಳು ಮರಗಟ್ಟಿ ಕಡ್ಡಿ ಗೀರುವುದೂ ಕಷ್ಟ. ಬುದ್ಧಿಗೆ ಮಂಕು ಕವಿದು ತಪ್ಪು ನಿರ್ಧಾರಗಳು ಶುರುವಾಗುತ್ತವೆ.

ಆಸರೆ ಕಟ್ಟುವವರು ಸಾಮಾನ್ಯವಾಗಿ ಮಾಡನ್ನು ದಪ್ಪ ಮಾಡಿ ನೆಲವನ್ನು ಮರೆಯುತ್ತಾರೆ. ಮಲಗಿದವರ ಶಾಖವನ್ನು ತಣ್ಣನೆಯ ನೆಲ ರಾತ್ರಿಯಿಡೀ ಹೀರುತ್ತದೆ. ಒಣ ಎಲೆ, ಹುಲ್ಲಿನ ಹಾಸು ಮೈಭಾರಕ್ಕೆ ಕುಗ್ಗಿದ ಮೇಲೂ ಒಂದು ಗೇಣು ಉಳಿಯಬೇಕು. ಹಾಗಾಗಿ ಹರಡುವಾಗ ಮೊಣಕಾಲೆತ್ತರ ಇರಲಿ. ಒಳಗಿನ ಜಾಗ ಒಬ್ಬರು ಹೊರಳುವಷ್ಟಿದ್ದರೆ ಸಾಕು, ದೊಡ್ಡದಾದಷ್ಟೂ ಬೆಚ್ಚಗಾಗುವುದಿಲ್ಲ.

ಓದುಗರೊಬ್ಬರು ಮರಳು-ಇದ್ದಿಲಿನಲ್ಲಿ ಸೋಸಿದ ನೀರನ್ನು ಹಾಗೇ ಕುಡಿಯಬಹುದೆಂದು ಬರೆದಿದ್ದಾರೆ. ಬೇಡ. ಅದರಿಂದ ನೀರು ತಿಳಿಯಾಗುತ್ತದೆ, ರೋಗಾಣು ಉಳಿದೇ ಇರುತ್ತವೆ. ಸೋಸಿದ ಮೇಲೂ ಕುದಿಸಬೇಕು. ಇನ್ನೊಬ್ಬರು ಹೇಳಿದಂತೆ ಇಪ್ಪತ್ತು ನಿಮಿಷ ಬೇಕಿಲ್ಲ: ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಎತ್ತರ ಏರಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಈ ಹೆಚ್ಚುವರಿ ಸಮಯ. ಉಳಿದ ಸೌದೆ ರಾತ್ರಿಗಾಗುತ್ತದೆ.

ಎಲ್ಲರೂ ಹೊಗಳಿರುವ ಆಹಾರದ ಅಧ್ಯಾಯವೇ ನನ್ನ ತಕರಾರು. ಗೊತ್ತಿಲ್ಲದ ಸಸ್ಯವನ್ನು ಚರ್ಮಕ್ಕೆ ಉಜ್ಜಿ, ತುಟಿಗೆ ತಾಗಿಸಿ, ಚೂರು ತಿಂದು 8 ಗಂಟೆ ಕಾದು ನೋಡುವ ಪರೀಕ್ಷೆ ಅಲ್ಲಿದೆ. ಅಣಬೆಗೆ ಇದು ಸಲ್ಲದು ಎಂಬ ಒಂದು ಸಾಲೂ ಇಲ್ಲ! ‘ಡೆತ್ ಕ್ಯಾಪ್’ ಅಣಬೆಯ ವಿಷ ತಲೆಯೆತ್ತುವುದೇ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ವಾಂತಿ-ಭೇದಿ ನಿಂತು ಚೇತರಿಸಿಕೊಂಡಂತೆ ಕಾಣುವ ಹೊತ್ತಿಗೆ ಯಕೃತ್ತು ಕೆಡುತ್ತಿರುತ್ತದೆ. ವಾಟರ್ ಹೆಮ್ಲಾಕ್‌ನಂಥ ಗಿಡದ ಗೆಡ್ಡೆಯಾದರೆ ಚೂರೇ ಪ್ರಾಣಕ್ಕೆ ಎರವಾದೀತು. ಖಚಿತವಾಗಿ ಗುರುತು ಸಿಗದ್ದನ್ನು ಬಾಯಿಗಿಡದಿರುವುದೇ ಮೇಲು. ಹಸಿವು ಅಷ್ಟು ಬೇಗ ಕೊಲ್ಲುವುದಿಲ್ಲ.

ಕಡ್ಡಿಗೆ ಕಡ್ಡಿ ಮಸೆದು ಬೆಂಕಿ ಹೊತ್ತಿಸುವ ಚಿತ್ರಗಳು ಚೆಂದ ಇವೆ, ನಿಜ. ಒದ್ದೆ ಕಟ್ಟಿಗೆಯಲ್ಲಿ ಅದು ಬೆವರು ಸುರಿಸುವ ವ್ಯಾಯಾಮ ಅಷ್ಟೆ. ಜೇಬಿನಲ್ಲೊಂದು ಲೈಟರ್ ಇರಲಿ.

ಮುಂದಿನ ಮುದ್ರಣದಲ್ಲಿ ಆ ಪುಟಗಳನ್ನು ಮೊಟಕುಗೊಳಿಸಿ ಸೀಟಿಯ ಸಂಕೇತಕ್ಕೆ ಜಾಗ ಕೊಡಲಿ: ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ನಿಮಿಷಕ್ಕೆ 3 ಸೀಟಿ ಕೇಳಿಸಿದರೆ ಅದು ಉತ್ತರ. ಆಗ ಎದ್ದು ಅತ್ತ ಓಡದೆ, ಇದ್ದಲ್ಲೇ ಇದ್ದು ಊದುತ್ತಿರಬೇಕು.

— ಚಾರಣ ತರಬೇತುದಾರ