ಮಗಳಿಗೊಂದು ಪತ್ರ: ಡೆಡ್ ಸೆಲ್ಸ್ ಡಿಲೀಟ್ ಮಾಡುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. "ಡೆಡ್ ಸೆಲ್ಸ್ ತೆಗೆದುಹಾಕ್ತೀನಿ ಅಮ್ಮ, ಅಷ್ಟು ಹೊತ್ತು ಆಡಿದ್ದು ಒಂದೇ ಏಟಿಗೆ ಹೋಯ್ತು, ಅಸಿಸ್ಟ್ ಮೋಡ್ ಹಾಕಿ ಗೆಲ್ಲೋದು ನನಗೆ ಬೇಡ" ಅಂತ ಬರೆದಿದ್ದೀಯ. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಆ ನಿನ್ನ ಪುಣೆಯ ಹಾಸ್ಟೆಲಿನಲ್ಲಿ ಹತ್ತು ನಿಮಿಷ ನೆಮ್ಮದಿಯಾಗಿ ಮಾತಾಡಲು ಆಗುವುದಿಲ್ಲ, ನನಗೆ ಹೇಳಬೇಕಾದದ್ದು ಜಾಸ್ತಿ ಇದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಈ ವಿಡಿಯೋ ಗೇಮಿನಲ್ಲಿ ಒಮ್ಮೆ ಸತ್ತರೆ ಮತ್ತೆ ಮೊದಲಿನಿಂದಲೇ ಶುರು, ಹಾಗಾಗಿ ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಅಸಿಸ್ಟ್ ಮೋಡ್, ಅಂದರೆ ಆಟವನ್ನು ನಮಗೆ ತಕ್ಕಷ್ಟು ಸುಲಭ ಮಾಡಿಕೊಳ್ಳುವ ಆ ಸೌಲಭ್ಯ, ಬೇಡ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಈ ಆಟದಲ್ಲಿ ಚೆನ್ನಾಗಿರುವುದೆಲ್ಲ ಇರುವುದು ಓಟದಲ್ಲಿ, ಜಿಗಿತದಲ್ಲಿ, ಕೈಗೆ ಸಿಗುವ ಆ ಹಿಡಿತದಲ್ಲಿ. ಸಾಯುವುದರಲ್ಲಿ ಅಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಮಾಟುಂಗಾದ ಅಜ್ಜನ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್ ಇತ್ತು. ನಾನೂ ನಿನ್ನ ಮಾಮನೂ ರಜೆಯೆಲ್ಲ ಅದರ ಮುಂದೆಯೇ. ಆ ಆಟಗಳಲ್ಲಿ ಅಂಚಿನಿಂದ ಜಿಗಿಯುವಾಗ ಒಂದು ಕೂದಲೆಳೆ ತಡವಾದರೂ ಮುಗಿಯಿತು, ನೇರ ಗುಂಡಿಗೆ. ಬಟನ್ ಒತ್ತಿದೆ ಅಂತ ನಿನಗೆ ಗೊತ್ತು, ಒತ್ತಿಲ್ಲ ಅಂತ ಆಟ ಹೇಳುತ್ತದೆ. ಡೆಡ್ ಸೆಲ್ಸ್ ಮಾಡಿದವರು ಇದನ್ನೇ ಹಿಡಿದು ಕೂತು ಕೆಲಸ ಮಾಡಿದ್ದಾರೆ. ಕಾಲು ಅಂಚು ಬಿಟ್ಟ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುತ್ತಾರೆ. ಗೋಡೆಯ ತುದಿಗೆ ಇನ್ನೇನು ಕೈ ತಾಗಬೇಕು ಅನ್ನುವಾಗ ಆಟವೇ ಮೇಲೆ ಎಳೆದುಕೊಳ್ಳುತ್ತದೆ. ಇದನ್ನೆಲ್ಲ ಅವರು ಮುಚ್ಚಿಟ್ಟಿಲ್ಲ, ಸಭೆಗಳಲ್ಲಿ ತೆರೆದು ಹೇಳಿದ್ದಾರೆ. ನಿನಗೆ 'ನನ್ನ ಕೈ ಎಷ್ಟು ಚುರುಕು' ಅನ್ನಿಸುತ್ತದಲ್ಲ, ಅದರ ಹಿಂದೆ ಯಾರೋ ಕೂತು ಒಂದೊಂದು ಕ್ಷಣವನ್ನೂ ಅಳೆದಿದ್ದಾರೆ. ಗಮನಿಸು, ಆಟ ಮೊದಲಿನಿಂದಲೂ ನಿನಗೆ ಸಹಾಯ ಮಾಡುತ್ತಲೇ ಇದೆ.

ಇನ್ನು ಆಯುಧಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀನು ಯಾವಾಗಲೂ ಅಂಕಿ ನೋಡಿ ಆಯ್ಕೆ ಮಾಡುತ್ತೀಯ, ಡ್ಯಾಮೇಜ್ ಜಾಸ್ತಿ ಇರುವುದನ್ನು ಎತ್ತಿಕೊಂಡು ಹೋಗುತ್ತೀಯ. ಇಲ್ಲಿ ಬಹಳಷ್ಟು ಆಯುಧಗಳಿಗೆ ಒಂದೊಂದು ಷರತ್ತು ಇದೆ, ಅದು ಕೂಡಿಬಂದರೆ ಮಾತ್ರ ಕ್ರಿಟಿಕಲ್ ಏಟು, ಅಂದರೆ ಮಾಮೂಲಿಗಿಂತ ಜೋರಾದ ಏಟು, ಬೀಳುತ್ತದೆ. ಅಸ್ಯಾಸಿನ್ಸ್ ಡ್ಯಾಗರ್ ಇದ್ದರೆ ಬೆನ್ನಿಗೆ ಚುಚ್ಚಬೇಕು. ಫ್ರೈಯಿಂಗ್ ಪ್ಯಾನ್ ಇದ್ದರೆ ಶತ್ರು ನಿನ್ನ ಮುಖ ನೋಡುತ್ತಿರುವಾಗಲೇ ಬಾರಿಸಬೇಕು. ನಟ್‌ಕ್ರ್ಯಾಕರ್ ಆದರೆ ಮೊದಲು ಹೆಪ್ಪುಗಟ್ಟಿಸಬೇಕು ಇಲ್ಲವೇ ದಂಗುಬಡಿಸಬೇಕು. ಅಂದರೆ ಆಯುಧ ಬದಲಾದರೆ ನಿನ್ನ ನಡೆಯೇ ಬದಲಾಗಬೇಕು. ರೇಪಿಯರ್ ಅನ್ನುವ ತೆಳು ಕತ್ತಿ ನೋಡು: ರೋಲ್ ಮಾಡಿದ, ಅಂದರೆ ನೆಲದ ಮೇಲೆ ಉರುಳಿದ ಕೂಡಲೇ ಚುಚ್ಚಿದರೆ ಕ್ರಿಟಿಕಲ್. ಹಾಗಾಗಿ ಗುರಾಣಿ ಹಿಡಿದವನು ಎದುರಿಗೆ ಬಂದಾಗ ಹಿಂದೆ ಸರಿಯುವುದಿಲ್ಲ, ಅವನು ಮುನ್ನುಗ್ಗುವ ಹೊತ್ತಿಗೆ ಸರಿಯಾಗಿ ಅವನ ಮೈ ಮೂಲಕವೇ ಉರುಳಿ ಆಚೆ ಎದ್ದು ಬೆನ್ನಿಗೆ ಚುಚ್ಚುತ್ತೀಯ. ಆ ಕ್ರಿಟಿಕಲ್ ಅಂಕಿ ಹಾರುತ್ತದಲ್ಲ, ಅದೊಂದು ಸುಖ. ಬೇರೆ ಆಟಗಳಲ್ಲಿ ರೋಲ್ ಅಂದರೆ ತಪ್ಪಿಸಿಕೊಳ್ಳುವುದು, ಇಲ್ಲಿ ಅದು ಏಟಿನ ಮೊದಲ ಅರ್ಧ.

ಏಟು ತಿಂದಾಗಲೂ ಹಾಗೆಯೇ. ಜೀವದ ಪಟ್ಟಿಯಲ್ಲಿ ಹೋದ ಭಾಗ ಸ್ವಲ್ಪ ಹೊತ್ತು ಕಿತ್ತಳೆ ಬಣ್ಣದಲ್ಲಿ ಉಳಿದು ಕರಗುತ್ತಾ ಹೋಗುತ್ತದೆ, ಅಷ್ಟರೊಳಗೆ ತಿರುಗಿ ಹೊಡೆದರೆ ಒಂದಿಷ್ಟು ವಾಪಸ್ ಸಿಗುತ್ತದೆ. ಸಾಲಾಗಿ ಬೇಗ ಬೇಗ ಹೊಡೆದುರುಳಿಸಿದರೆ ಓಟದ ವೇಗ ಹೆಚ್ಚುತ್ತದೆ. ಬೇಗ ಮುಗಿಸಿ ಬಂದವರಿಗೆಂದೇ ಸಮಯದ ಬಾಗಿಲುಗಳಿವೆ. ಆಟ ಎಲ್ಲ ಕಡೆಯಿಂದಲೂ 'ನಿಲ್ಲಬೇಡ, ಹೋಗು' ಅನ್ನುತ್ತದೆ. ಹಂತಗಳೂ ಬರೀ ಪಗಡೆ ಎಸೆದ ಹಾಗೆ ಆಗಿದ್ದಲ್ಲ, ಕೋಣೆಗಳನ್ನು ಕೈಯಿಂದಲೇ ಮಾಡಿ ಅವುಗಳ ಜೋಡಣೆಯನ್ನು ಮಾತ್ರ ಪ್ರತಿಸಲ ಬದಲಿಸುತ್ತಾರೆ. ಅದಕ್ಕೇ ಜೈಲಿನ ಹಂತ ಎಷ್ಟು ಸಲ ಹೊಸದಾಗಿ ಬಂದರೂ ಅದು ಜೈಲು ಅಂತ ಕಾಲಿಗೆ ಗೊತ್ತಾಗುತ್ತದೆ.

ಇದನ್ನು ಮಾಡಿದ ಮೋಷನ್ ಟ್ವಿನ್ ಫ್ರಾನ್ಸಿನ ಬೋರ್ಡೊ ಊರಿನದು. ಅಲ್ಲಿ ಧಣಿ ಅಂತ ಯಾರೂ ಇಲ್ಲ, ಕೆಲಸಗಾರರದೇ ಸಹಕಾರಿ, ಎಲ್ಲರಿಗೂ ಒಂದೇ ಸಂಬಳ. ಸಹಕಾರಿ ಬ್ಯಾಂಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನನಗೆ ಈ ಸಂಗತಿ ಕೇಳಿಯೇ ಖುಷಿಯಾಗಿತ್ತು. 2017ರ ಮೇ ತಿಂಗಳಲ್ಲಿ ಅರ್ಧ ಆದದ್ದನ್ನೇ ಜನರಿಗೆ ಕೊಟ್ಟು, ಅವರ ಮಾತು ಕೇಳಿ ತಿದ್ದಿ, 2018ರ ಆಗಸ್ಟಿನಲ್ಲಿ ಪೂರ್ತಿ ಬಿಡುಗಡೆ ಮಾಡಿದರು. ಮೊಬೈಲಿಗೆ ಬಂದದ್ದು ಆಮೇಲೆ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಜಾಹೀರಾತಿಲ್ಲ, 'ಇನ್ನೊಂದು ಜೀವಕ್ಕೆ ಇಷ್ಟು ರೂಪಾಯಿ' ಅಂತ ಕೈಚಾಚುವುದಿಲ್ಲ. ಹೊಸ ಭಾಗಗಳನ್ನು ಬೇರೆ ಮಾರುತ್ತಾರೆ, ಬೇಕಾದವರು ತೆಗೆದುಕೊಳ್ಳಬಹುದು. ನಿನಗೆ ಇದನ್ನು ಧೈರ್ಯವಾಗಿ ಕೊಡಿಸಿದ್ದು ಅದಕ್ಕೇ.

ಈಗ ನಿನ್ನ ಸಿಟ್ಟಿಗೆ ಬರುತ್ತೇನೆ.

ದೊಡ್ಡ ತಕರಾರು ಸಮಯದ್ದು. ಒಂದು ರನ್ನಿನ, ಅಂದರೆ ಜೈಲಿನಿಂದ ಹೊರಟ ಒಂದು ಸುತ್ತಿನ, ಕೊನೆಯವರೆಗೆ ಹೋಗಲು ಮುಕ್ಕಾಲು ಗಂಟೆ, ನಿಧಾನ ಆಡುವವರಿಗೆ ಅದಕ್ಕೂ ಜಾಸ್ತಿ. ಕೊನೆಗೆ ಹ್ಯಾಂಡ್ ಆಫ್ ದಿ ಕಿಂಗ್ ಅನ್ನುವ ಬಾಸ್, ಅಂದರೆ ದೊಡ್ಡ ಶತ್ರು, ಈಟಿ ಹಿಡಿದು ನಿಂತಿರುತ್ತಾನೆ. ಅವನ ಒಂದು ಹೊಸ ಪಟ್ಟು ನಿನಗೆ ಗೊತ್ತಿಲ್ಲ ಅಂತಿಟ್ಟುಕೋ, ಅರ್ಧ ನಿಮಿಷದಲ್ಲಿ ಕಥೆ ಮುಗಿಯುತ್ತದೆ. ಆ ಪಟ್ಟನ್ನು ಇನ್ನೊಮ್ಮೆ ನೋಡಬೇಕಾದರೆ ಮತ್ತೆ ಜೈಲಿನಿಂದ ಶುರು. ಕಲಿಯಬೇಕಾದದ್ದು ಅರ್ಧ ನಿಮಿಷದ್ದು, ಅದಕ್ಕೆ ಕೇಳುವ ಬೆಲೆ ಮುಕ್ಕಾಲು ಗಂಟೆ. ನೀನು ನಾಳೆ ಸಬ್ಮಿಷನ್ ಇಟ್ಟುಕೊಂಡು ರಾತ್ರಿ ಆಡುವವಳು, ನಾನು ಅಡುಗೆ ಮನೆ ಮುಗಿಸಿ ಆಡುವವಳು, ನಮ್ಮಿಬ್ಬರಿಗೂ ಈ ಲೆಕ್ಕ ಸರಿಹೋಗುವುದಿಲ್ಲ. ಇದು ಆಟದ ದೋಷ ಅಂತಲೇ ನಾನು ಹೇಳುತ್ತೇನೆ.

ಎರಡನೆಯದು, ಗೆದ್ದಷ್ಟೂ ಕೈಗೆ ಬೇಕಾದದ್ದು ಸಿಗುವುದು ಕಷ್ಟವಾಗುತ್ತದೆ. ಶತ್ರುಗಳಿಂದ ಬ್ಲೂಪ್ರಿಂಟ್, ಅಂದರೆ ಆಯುಧದ ನಕ್ಷೆ, ಸಿಗುತ್ತದೆ, ಅದನ್ನು ಸಾಯದೆ ಕಲೆಕ್ಟರ್ ಅನ್ನುವವನ ಹತ್ತಿರ ಒಯ್ದು, ಶತ್ರುಗಳನ್ನು ಕೊಂದು ಕೂಡಿಸಿದ ಸೆಲ್‌ಗಳನ್ನು ಸುರಿದು ಹೊಸ ಆಯುಧ ಬಿಡಿಸಿಕೊಳ್ಳುತ್ತೀಯ. ಆ ಕ್ಷಣಕ್ಕೆ ಸಂತೋಷ. ಆದರೆ ಅದು ಹೋಗಿ ಸೇರುವುದು ಎಲ್ಲ ಆಯುಧಗಳೂ ಇರುವ ಅದೇ ರಾಶಿಗೆ. ನಿನಗೆ ಹಿಡಿಸದ ಆಯುಧ ಬಿಡಿಸಿಕೊಂಡರೆ ಹಿಡಿಸಿದ್ದು ಸಿಗುವ ಸಾಧ್ಯತೆ ಅಷ್ಟು ಕಡಿಮೆ. ಕಷ್ಟಪಟ್ಟವಳಿಗೆ ಯಾಕೆ ಈ ಶಿಕ್ಷೆ ಅಂತ ನೀನು ಕೇಳಿದ್ದೆ. ಕೇಳಬೇಕಾದ ಪ್ರಶ್ನೆಯೇ ಅದು.

ಸ್ಕ್ರೋಲ್‌ಗಳದ್ದೂ ಹಾಗೆಯೇ. ಬಲ ಹೆಚ್ಚಿಸುವ ಈ ಸುರುಳಿಗಳಲ್ಲಿ ಕೆಂಪು, ನೇರಳೆ, ಹಸಿರು ಅಂತ ಮೂರು ದಾರಿ ತೋರಿಸುತ್ತಾರೆ, ನೋಡಲು ದೊಡ್ಡ ಆಯ್ಕೆ. ಆದರೆ ಒಂದೇ ಬಣ್ಣಕ್ಕೆ ಪೇರಿಸುತ್ತಾ ಹೋದರೆ ಮಾತ್ರ ಏಟಿಗೆ ಬಲ ಬರುವುದರಿಂದ ಎರಡನೇ ಹಂತ ದಾಟಿದ ಮೇಲೆ ಅಲ್ಲಿ ಯೋಚಿಸುವುದು ಏನೂ ಉಳಿಯುವುದಿಲ್ಲ, ಸುಮ್ನೆ ಅದೇ ಬಟನ್ ಒತ್ತುವುದು. ಮತ್ತೆ ಆ ಸ್ಕ್ರೋಲ್‌ಗಳನ್ನು ಹುಡುಕಲು ಮೂಲೆ ಮೂಲೆ ಸುತ್ತಬೇಕು, ಅತ್ತ ಸಮಯದ ಬಾಗಿಲು ಮುಚ್ಚುತ್ತಿರುತ್ತದೆ. ಓಡು ಅಂತಲೂ ಹೇಳುತ್ತದೆ, ಹುಡುಕು ಅಂತಲೂ ಹೇಳುತ್ತದೆ.

ಶಾಪದ ಪೆಟ್ಟಿಗೆ ನನಗೆ ಇಷ್ಟ, ನಿನಗೆ ಆಗುವುದಿಲ್ಲ ಅಂತ ಗೊತ್ತು. ತೆರೆದರೆ ಒಳ್ಳೆಯ ಸಾಮಾನು ಸಿಗುತ್ತದೆ, ಬದಲಿಗೆ ಹತ್ತು ಶತ್ರುಗಳನ್ನು ಕೊಲ್ಲುವವರೆಗೆ ಒಂದೇ ಒಂದು ಏಟು ಬಿದ್ದರೂ ಸಾವು. ತಲೆಯ ಮೇಲೆ ಅಂಕಿ ಇಳಿಯುತ್ತಾ ಬರುತ್ತದೆ. ಕೊನೆಯ ಎರಡು ಉಳಿದಾಗ ಹೆಬ್ಬೆರಳು ಬೆವರುತ್ತದೆ. ನಾನು ಅದನ್ನು ಮುಂಬೈ ಲೋಕಲ್ ರೈಲಿನಲ್ಲಿ ಆಡಿದ್ದೇನೆ, ಮುಲುಂಡಿನಿಂದ ಸಿಎಸ್‌ಎಂಟಿಗೆ, ಲೇಡೀಸ್ ಡಬ್ಬದ ಫೋರ್ತ್ ಸೀಟಿನ ತುದಿಯಲ್ಲಿ ಅರ್ಧ ಕೂತು. ಫೋನಿನ ಪರದೆಯಲ್ಲಿ ನಮ್ಮ ಬೆರಳೇ ಅರ್ಧ ಜಾಗ ಮುಚ್ಚುತ್ತದೆ, ಬಲಗಡೆಯಿಂದ ಬರುವ ಸಿಡಿಯುವ ಬಾವಲಿ ಹೆಬ್ಬೆರಳಿನ ಕೆಳಗಿರುತ್ತದೆ. ಕುರ್ಲಾದಲ್ಲಿ ಜನ ನುಗ್ಗಿದರೆ ಪ್ಯಾರಿಯ, ಅಂದರೆ ಏಟನ್ನು ಸರಿಯಾದ ಕ್ಷಣಕ್ಕೆ ಗುರಾಣಿಯಿಂದ ತಡೆಯುವುದರ, ಲೆಕ್ಕ ತಪ್ಪುತ್ತದೆ. ಶತ್ರು ಹತ್ತಿರ ಬಂದರೆ ತಾನಾಗಿಯೇ ಹೊಡೆಯುವ ಆಟೋ-ಹಿಟ್ ಮೊಬೈಲಿನಲ್ಲಿ ಇದೆ, ಲೋಕಲಿನಲ್ಲಿ ನಾನು ಅದನ್ನೇ ಹಾಕಿಕೊಳ್ಳುತ್ತೇನೆ. ನನಗೆ ಅದರಿಂದ ಆಟ ಕಡಿಮೆಯಾಯಿತು ಅಂತ ಒಂದು ದಿನವೂ ಅನ್ನಿಸಿಲ್ಲ.

ಶಾಪ ನಾವೇ ತೆರೆದುಕೊಂಡದ್ದು, ಅದರಲ್ಲಿ ಸತ್ತರೆ ದೂರುವಂತಿಲ್ಲ. ಗೋಡೆಯಾಚೆಯಿಂದ ಬಾಂಬ್ ಎಸೆಯುವವನು, ಗೋಡೆ ತೂರಿ ಬರುವ ಗುಂಡು ಬಿಡುವ ಆ ಇನ್‌ಕ್ವಿಸಿಟರ್, ಪರದೆಯಲ್ಲಿ ಕಾಣಿಸುವ ಮೊದಲೇ ಹೊಡೆಯುವವರು, ಇವರ ಮೇಲೆ ನನಗೆ ಸಿಟ್ಟಿದೆ. ಕಣ್ಣಿಗೆ ಬೀಳದ್ದನ್ನು ಕೈ ತಪ್ಪಿಸಿಕೊಳ್ಳುವುದು ಹೇಗೆ? ಆಟದ ಕಷ್ಟ ಹೆಚ್ಚಿಸುವ ಬಾಸ್ ಸೆಲ್ ಒಂದೊಂದೇ ಏರಿಸುತ್ತಾ ಹೋದಂತೆ ಮದ್ದು ತುಂಬಿಸಿಕೊಳ್ಳುವ ಕಾರಂಜಿಗಳೂ ಕಡಿಮೆಯಾಗುತ್ತವೆ. ಅಂಥ ಸೆಲ್‌ಗಳು ಒಟ್ಟು ಐದು, ಕಥೆಯ ನಿಜವಾದ ಅಂತ್ಯ ಐದೂ ಸಿಕ್ಕಮೇಲೆಯೇ. ನೀನು ಎರಡರಲ್ಲಿ ಸಿಕ್ಕಿಕೊಂಡಿದ್ದೀಯ. ತುಂಬಾ ಜನ ಅಲ್ಲಿಯೇ ಸಿಕ್ಕಿಕೊಳ್ಳುತ್ತಾರೆ, ನಿನ್ನೊಬ್ಬಳ ಕೈಯ ಸಮಸ್ಯೆ ಅಲ್ಲ.

ಈಗ ಅಸಿಸ್ಟ್ ಮೋಡ್. ಸತ್ತರೆ ಎಲ್ಲ ಹೋಗಬೇಕು ಅನ್ನುವ ಈ ನಿಯಮ ಎಲ್ಲಿಂದ ಬಂತು ಗೊತ್ತಾ? 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಕಾಲೇಜು ಹುಡುಗರು ರೋಗ್ ಅನ್ನುವ ಆಟ ಮಾಡಿದರು, ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್. ರೋಗ್‌ಲೈಕ್ ಅನ್ನುವ ಹೆಸರೇ ಅದರಿಂದ. ಅದರಲ್ಲಿ ಚಿತ್ರವಿಲ್ಲ, ಅಕ್ಷರಗಳೇ ರಾಕ್ಷಸರು, ನಮ್ಮ ಮನುಷ್ಯ ಅಂದರೆ ಇಮೇಲಿನಲ್ಲಿ ಬರುವ ಆ '@' ಗುರುತು. ನೆಲಮಾಳಿಗೆ ಪ್ರತಿಸಲ ಹೊಸದು, ಸತ್ತರೆ ಮೊದಲಿನಿಂದ. ಆದರೆ ಆ ಆಟ ಸರದಿಯ ಆಟ. ನೀನು ಒಂದು ಹೆಜ್ಜೆ ಇಟ್ಟರೆ ರಾಕ್ಷಸ ಒಂದು ಹೆಜ್ಜೆ ಇಡುತ್ತಾನೆ, ನೀನು ಕೈಕಟ್ಟಿ ಅರ್ಧ ಗಂಟೆ ಯೋಚಿಸಿದರೆ ಅವನೂ ಅರ್ಧ ಗಂಟೆ ನಿಂತಿರುತ್ತಾನೆ. ಅಲ್ಲಿ ಪ್ರಾಣ ಹೋಗುವುದು ಯೋಚನೆ ಸಾಲದೆ, ಅಥವಾ ದುರದೃಷ್ಟದಿಂದ. ಅಂಥ ಆಟಕ್ಕೆ ಆ ಕಠಿಣ ನಿಯಮ ಒಪ್ಪುತ್ತದೆ. ಅದೇ ನಿಯಮವನ್ನು ತಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಏಟು ಬೀಳುವ ಆಟಕ್ಕೆ ಹಾಕಿದಾಗ ಅದರ ತೂಕವೇ ಬೇರೆಯಾಗುತ್ತದೆ. ಇಲ್ಲಿ ನಿದ್ದೆ ಸಾಲದಿದ್ದರೂ ಸಾಯುತ್ತೀಯ, ಕೈ ಸೋತರೂ ಸಾಯುತ್ತೀಯ, ರೂಮ್‌ಮೇಟ್ ಬಾಗಿಲು ತಟ್ಟಿದರೂ ಸಾಯುತ್ತೀಯ. ಆ ನಿಯಮವನ್ನು ನಿನ್ನ ಕೈಗೆ ತಕ್ಕಷ್ಟು ಸಡಿಲ ಮಾಡಿಕೊಂಡರೆ ಅದು ಮೋಸ ಹೇಗಾಗುತ್ತದೆ?

ಮಾಡಿದವರಿಗೇ ಇದು ಗೊತ್ತಾಗಿದೆ ಅಂತ ನನಗನ್ನಿಸುತ್ತದೆ. 2021ರಲ್ಲಿ ಅಭ್ಯಾಸದ ಕೋಣೆ ಕೊಟ್ಟರು, ಒಮ್ಮೆ ಎದುರಾದ ಬಾಸ್ ಜತೆ ಅಲ್ಲಿ ಬೇಕಾದಷ್ಟು ಸಲ ಹೊಡೆದಾಡಬಹುದು. ನೀನು ಅದರೊಳಗೆ ಕಾಲಿಟ್ಟೇ ಇಲ್ಲ ಅಲ್ವಾ? 2022ರ ಜೂನಿನಲ್ಲಿ ಅಸಿಸ್ಟ್ ಮೋಡ್ ಬಂತು. ಕಸ್ಟಮ್ ಮೋಡಿನಲ್ಲಿ ಬೇಡದ ಆಯುಧಗಳನ್ನು ರಾಶಿಯಿಂದ ಹೊರಗಿಡಬಹುದು. ಅಂದರೆ ನಿನ್ನ ತಕರಾರುಗಳಲ್ಲಿ ಮುಖ್ಯವಾದವಕ್ಕೆ ಅವರು ಉತ್ತರ ಇಟ್ಟಿದ್ದಾರೆ, ಮೆನುವಿನೊಳಗೆ.

ಎಲ್ಲವನ್ನೂ ಹಾಕು ಅನ್ನುತ್ತಿಲ್ಲ. ಸತ್ತ ಮೇಲೂ ಅದೇ ರನ್ ಮುಂದುವರಿಸುವ ಸೌಲಭ್ಯ ಹಾಕಿಕೋ. ಪ್ಯಾರಿಗೆ ಸಿಗುವ ಸಮಯ ಸ್ವಲ್ಪ ಹಿಗ್ಗಿಸಿಕೋ. ಆದರೆ ಶತ್ರುಗಳ ಜೀವವನ್ನು ಕಡಿಮೆ ಮಾಡಬೇಡ. ಎಲ್ಲರೂ ಒಂದೇ ಏಟಿಗೆ ಬಿದ್ದರೆ ಫ್ರೈಯಿಂಗ್ ಪ್ಯಾನಿಗೂ ರೇಪಿಯರಿಗೂ ವ್ಯತ್ಯಾಸವೇ ಇರುವುದಿಲ್ಲ, ಉರುಳುವ ಅಗತ್ಯವಿಲ್ಲ, ಬೆನ್ನ ಹಿಂದೆ ಹೋಗುವ ಅಗತ್ಯವಿಲ್ಲ, ಆಗ ನಿಜವಾಗಿಯೂ ಆಟ ಹೋಗುತ್ತದೆ. ಕಳೆದುಕೊಂಡ ಸಮಯವನ್ನು ವಾಪಸ್ ತೆಗೆದುಕೋ, ಹೊಡೆದಾಟವನ್ನು ಹಾಗೆಯೇ ಬಿಡು. ಆಮೇಲೆ ಬೇಡ ಅನ್ನಿಸಿದರೆ ಅಸಿಸ್ಟ್ ತೆಗೆದು ಆಡು, ಯಾರೂ ಲೆಕ್ಕ ಇಡುವುದಿಲ್ಲ.

ಇಷ್ಟಾದ ಮೇಲೂ ಸಾಕು ಅನ್ನಿಸಿದರೆ ಡಿಲೀಟ್ ಮಾಡು ಪುಟ್ಟಿ, ನಾನು ಏನೂ ಅಂದುಕೊಳ್ಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹೇಗೂ ಇಡಬೇಕು.

ಶನಿವಾರ ಡೆಕ್ಕನ್ ಕ್ವೀನಿಗೆ ಬರುತ್ತೀಯಲ್ಲ, ಕಂಟ್ರೋಲರ್ ಮರೆಯದೆ ತಾ. ಅದರ ಎಡಗಡೆ ಬಟನ್ ಸಿಕ್ಕಿಕೊಳ್ಳುತ್ತದೆ ಅಂದಿದ್ದೆ, ಇಲ್ಲಿ ಸ್ಟೇಷನ್ ಹತ್ತಿರ ರಿಪೇರಿ ಮಾಡುವವರಿದ್ದಾರೆ. ನಿನ್ನ ರೋಲ್ ತಡವಾಗುವುದಕ್ಕೆ ಅದೇ ಕಾರಣ ಇರಬಹುದು, ಬೇರೆ ಕಂಟ್ರೋಲರಿನಲ್ಲಿ ಒಮ್ಮೆ ಆಡಿ ನೋಡಿ ನನಗೆ ಹೇಳು.

ನಿನ್ನ
ಅಮ್ಮ