ದಂಡು ಕಟ್ಟಿಕೊಟ್ಟವರಿಗೆ

ಪ್ರಾಚೀನ ಮತ್ತು ಮಧ್ಯಯುಗದ ಕಾಳಗಗಳನ್ನು ಕಿರುಗೊಂಬೆಗಳಿಂದ ಮೇಜಿನ ಮೇಲೆ ಆಡುವ ನಮ್ಮ ‘ದಂಡು’ ಆಟದ ನಿಯಮ ಪುಸ್ತಿಕೆಯ ಮೊದಲ 200 ಪ್ರತಿಗಳು ಕಳೆದ ವಾರ ಮುಗಿದವು. ಕೊನೆಯ ಪ್ರತಿಯನ್ನು ಹಾವೇರಿಯಿಂದ ತನ್ನ ಅಜ್ಜನೊಡನೆ ಬಂದಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಯ್ದಳು. ನಾಲ್ಕು ವರ್ಷಗಳ ಹಿಂದೆ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹುಣಸೆ ಬೀಜಗಳನ್ನು ಕಾಲಾಳುಗಳೆಂದೂ ಕವಡೆಗಳನ್ನು ಕುದುರೆಗಳೆಂದೂ ಇಟ್ಟು ಆರಂಭಿಸಿದ ಆಟವನ್ನು ಇಲ್ಲಿಯವರೆಗೆ ತಂದವರು ಹಲವರು. ಅವರ ಉಪಕಾರವನ್ನು ಎಲ್ಲರೆದುರು ಹೇಳಿಕೊಳ್ಳುವುದು ನನ್ನ ಕರ್ತವ್ಯ.

ಈ ಆಟವನ್ನು ಇನ್ನೂ ನೋಡದವರಿಗಾಗಿ ಎರಡು ಮಾತು. ಒಂದೊಂದು ಪಕ್ಷಕ್ಕೆ 12 ತುಕಡಿಗಳಿರುತ್ತವೆ. 15 ಮಿಲಿಮೀಟರ್ ಎತ್ತರದ ಗೊಂಬೆಗಳನ್ನು 40 ಮಿಲಿಮೀಟರ್ ಅಗಲದ ಹಲಗೆಗಳಿಗೆ ಅಂಟಿಸಿ ತುಕಡಿಗಳನ್ನು ಮಾಡಿಕೊಳ್ಳುತ್ತೇವೆ. ಎರಡಡಿ ಚೌಕದ ಹಸಿರು ಬಟ್ಟೆಯೇ ರಣರಂಗ. ಪ್ರತಿ ಸರದಿಯಲ್ಲಿ ದಾಳ ಉರುಳಿಸಿದಾಗ ಎಷ್ಟು ಬೀಳುತ್ತದೆಯೋ ಅಷ್ಟು ಆಜ್ಞೆಗಳನ್ನು ಮಾತ್ರ ಸೇನಾಪತಿ ಕೊಡಬಹುದು, ಆದ್ದರಿಂದ ಒಂದು ಬಿದ್ದ ಆಟಗಾರನು ಬಿಲ್ಲಾಳುಗಳನ್ನು ಮುಂದಕ್ಕೆ ತರಬೇಕೋ, ಬೆನ್ನು ತೋರಲಿರುವ ರಾವುತರನ್ನು ತಡೆದು ನಿಲ್ಲಿಸಬೇಕೋ ಎಂಬುದನ್ನು ಅಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಇಷ್ಟು ಚಿಕ್ಕ ದಂಡಿನಿಂದಲೂ ಪೂರ್ಣ ಕಾಳಗವೊಂದನ್ನು ಆಡಬಹುದೆಂಬುದನ್ನು ನಾನು ಕಲಿತದ್ದು 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳಿಂದ. ಅಲ್ಲಿಯೂ ಒಂದು ಪಕ್ಷಕ್ಕೆ 12 ತುಕಡಿಗಳೇ ಇವೆ. ಆ ಋಣವನ್ನು ಮೊದಲು ಹೇಳಿಯೇ ಮುಂದಕ್ಕೆ ಹೋಗಬೇಕು.

ಹುಬ್ಬಳ್ಳಿಯ ವಿದ್ಯಾನಗರದ ಮಾಳಿಗೆಯ ಕೋಣೆಯೊಂದರಲ್ಲಿ ಎರಡು ವರ್ಷ ಭಾನುವಾರ ಬಿಡದೆ ಆಡಿದ ಎಂಟು ಮಂದಿ ಗೆಳೆಯರಿಗೆ ನನ್ನ ಮೊದಲ ನಮಸ್ಕಾರ. ಅವರು ಆಟವನ್ನು ಹೊಗಳಲು ಬಂದವರಲ್ಲ. ನಿಯಮದ ಒಂದು ಪದ ಸಡಿಲವಾಗಿದ್ದರೆ ಅದರೊಳಗೆ ನುಸುಳಿ ಗೆದ್ದು ತೋರಿಸುತ್ತಿದ್ದರು, ಮರುವಾರ ನಾನು ಅದನ್ನು ತಿದ್ದಿ ತಂದರೆ ತಿದ್ದಿದ ಸಾಲಿನಲ್ಲಿಯೇ ಇನ್ನೊಂದು ಕಂಡಿ ಹುಡುಕುತ್ತಿದ್ದರು. ಆರಂಭದಲ್ಲಿ ಇದರಿಂದ ನನಗೆ ನೋವಾಗುತ್ತಿತ್ತು. ಆದರೆ ಇಂದು ಪುಸ್ತಿಕೆಯ ಯಾವ ಪುಟವನ್ನು ತೆರೆದರೂ, ಈ ವಾಕ್ಯ ಯಾರು ಗೆದ್ದ ದಿನ ಹುಟ್ಟಿತು ಎಂಬುದು ನೆನಪಾಗುತ್ತದೆ.

ಆನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಆಟ ನಮ್ಮದಾದದ್ದು ಅಲ್ಲಿಯೇ. ಆನೆಯ ವಾಸನೆಗೂ ಘೀಳಿಗೂ ಕುದುರೆ ಬೆದರುತ್ತದೆ ಎಂಬ ಮಾತನ್ನು ಹಿಡಿದು ನಾನು ಮೊದಲ ಕರಡಿನಲ್ಲಿ ರಾವುತರು ಆನೆಯನ್ನು ಗೆಲ್ಲಲಾರರು ಎಂದೇ ಬರೆದಿದ್ದೆ. ಗದಗಿನಲ್ಲಿ ಆಟವನ್ನು ಪರಿಚಯಿಸಲು ಹೋದ ದಿನ ಅಲ್ಲಿನ ಇತಿಹಾಸದ ಉಪನ್ಯಾಸಕರೊಬ್ಬರು ಇದನ್ನು ಓದಿ, ಆಡುವುದಕ್ಕೆ ಕೂರುವ ಬದಲು ನನ್ನನ್ನು ತ್ರಿಕೂಟೇಶ್ವರ ದೇವಾಲಯಕ್ಕೆ ಕರೆದೊಯ್ದರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಆನೆಗಳ ಸಾಲಿನಿಂದ ಬಲಗೊಂಡಿದ್ದ ದಂಡನಾಯಕ ಬ್ರಹ್ಮನ ಸೈನ್ಯವನ್ನು ಕುದುರೆಗಳ ಬಲವೊಂದರಿಂದಲೇ ಸೋಲಿಸಿದನೆಂದು ಅಲ್ಲಿನ 1192ರ ಶಾಸನ ಹೇಳುತ್ತದೆ. “ಕಲ್ಲು ಒಂದು ಹೇಳ್ತದ, ನಿಮ್ಮ ಪುಸ್ತಕ ಒಂದು ಹೇಳ್ತದ. ಯಾವುದನ್ನ ನಂಬೋಣ್ರೀ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಶಾಸನವು ಗೆದ್ದ ಅರಸನ ಹೊಗಳಿಕೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಕುದುರೆಗಳಿಂದ ಆನೆಗಳನ್ನು ಗೆದ್ದೆವೆಂದು ಹೇಳಿಕೊಳ್ಳುವುದು ಆ ಕಾಲದವರಿಗೆ ಹೆಮ್ಮೆಯ ಮಾತಾಗಿತ್ತೆಂದರೆ, ಅದು ಕಷ್ಟದ ಕೆಲಸವಾಗಿತ್ತು, ಆಗದ ಕೆಲಸವಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಆ ಒಂದು ನಿಯಮವನ್ನು ತಿದ್ದಲು ನಮಗೆ ಐದು ತಿಂಗಳು ಬೇಕಾಯಿತು. ಈಗ ರಾವುತರು ಆನೆಯನ್ನು ಎದುರಿನಿಂದ ತಾಗಿದರೆ ಬಹುತೇಕ ಸೋಲುತ್ತಾರೆ. ಸುತ್ತು ಹಾಕಿ, ಕೆಣಕಿ, ಆನೆಯನ್ನು ತನ್ನ ಕಾಲಾಳುಗಳಿಂದ ದೂರ ಸೆಳೆದರೆ ಗೆಲುವಿಗೆ ದಾರಿಯಿದೆ. ಬೆದರಿದ ಆನೆ ಹಿಂದಕ್ಕೆ ತಿರುಗಿ ತನ್ನವರನ್ನೇ ತುಳಿಯುತ್ತದೆ. ಸೇನಾಪತಿಯನ್ನು ಆನೆಯ ಮೇಲೆ ಕೂರಿಸಿದರೆ ಇಡೀ ದಂಡಿಗೆ ಅವನು ಕಾಣುವುದರಿಂದ ಒಂದು ಆಜ್ಞೆ ಹೆಚ್ಚು ಸಿಗುತ್ತದೆ, ಆದರೆ ಶತ್ರುವಿಗೂ ಅವನು ಅಷ್ಟೇ ಚೆನ್ನಾಗಿ ಕಾಣುತ್ತಾನೆ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಹತನಾದದ್ದನ್ನು ನೆನಪಿಸಿ ಈ ಕೊನೆಯ ಮಾತನ್ನು ಸೇರಿಸಿಸಿದವರೂ ಅದೇ ಉಪನ್ಯಾಸಕರು. ಸುಮಾರು 1190ರಲ್ಲಿ ವೀರಬಲ್ಲಾಳನಿಗೂ ಸೇವುಣ ಭಿಲ್ಲಮನಿಗೂ ಗದಗ ಸೀಮೆಯ ಸೊರಟೂರಿನಲ್ಲಿ ನಡೆದ ಕಾಳಗವನ್ನು ನಮ್ಮ ಮೊದಲ ಐತಿಹಾಸಿಕ ಆಟವಾಗಿ ಅಳವಡಿಸಿದಾಗ, ಅವರು ಅದನ್ನು ಸೇವುಣರ ಪಕ್ಷದಿಂದ ಮೂರು ಸಲ ಆಡಿ ಒಮ್ಮೆ ಗೆದ್ದರು.

ಹಾವೇರಿಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಉಪಕಾರ ಬೇರೆ ಬಗೆಯದು. ಮೊದಲ ಕರಡು ಅರ್ಧಕ್ಕರ್ಧ ಇಂಗ್ಲಿಷ್ ಪದಗಳಿಂದ ತುಂಬಿತ್ತು. ಅವರು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತುಕಡಿ, ರಾವುತ, ಮಾವುತ, ಬೀಡು, ಪಕ್ಕೆ, ಹಿಂಬಲ ಎಂಬ ಮಾತುಗಳನ್ನು ಒಂದೊಂದಾಗಿ ತಂದಿಟ್ಟರು. ಗೊಂಬೆಗಳ ಉಡುಗೆ ಹೇಗಿರಬೇಕೆಂದು ಕೇಳಿದಾಗ ಹಾನಗಲ್ಲಿನ ತಾರಕೇಶ್ವರ ದೇವಾಲಯದ ವೀರಗಲ್ಲುಗಳ ಮುಂದೆ ನಿಲ್ಲಿಸಿದರು. ವೀರಗಲ್ಲಿನಲ್ಲಿ ಕಾಳಗ ಕೆಳಗಿನ ಪಟ್ಟಿಕೆಯಲ್ಲಿರುತ್ತದೆ, ಮಡಿದವನನ್ನು ಅಪ್ಸರೆಯರು ಒಯ್ಯುವುದು ಅದರ ಮೇಲೆ. ನಾವು ಕೆಳಗಿನ ಪಟ್ಟಿಕೆಯ ಮುಂದೆ ಮಧ್ಯಾಹ್ನವಿಡೀ ಕುಳಿತು ಗುರಾಣಿಯನ್ನು ಹಿಡಿದ ರೀತಿ, ಸೊಂಟದ ಕಟ್ಟು, ಕೂದಲಿನ ಗಂಟುಗಳನ್ನು ಬರೆದುಕೊಂಡೆವು. ಪುಸ್ತಿಕೆಯ ಭಾಷೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಆ ಮೆಚ್ಚುಗೆ ಮೇಷ್ಟ್ರಿಗೆ ಸಲ್ಲಬೇಕು.

ಗೊಂಬೆಗಳ ಮೂಲ ಮಾದರಿಗಳನ್ನು ಮಾಡಿಕೊಟ್ಟವರು ಹುಬ್ಬಳ್ಳಿಯಲ್ಲಿ ಗಣಪತಿ ಮೂರ್ತಿ ಮಾಡುವ ಮನೆತನದವರು. ಆಳೆತ್ತರದ ಮೂರ್ತಿ ಮಾಡುವ ಕೈಗಳು ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಬಿಲ್ಲಾಳಿಗೆ ಮೂಗು ಮೂಡಿಸಿದ್ದನ್ನು ನಾನು ಹತ್ತಿರ ಕುಳಿತು ನೋಡಿದ್ದೇನೆ. ಮಕ್ಕಳೂ ಮುಟ್ಟುವ ಗೊಂಬೆಗಳಾದ್ದರಿಂದ ಸೀಸ ಬೆರೆಸದ ತವರದ ಎರಕವೇ ಆಗಬೇಕೆಂದು ಹಟ ಹಿಡಿದವರೂ ಅವರೇ.

ಕಳೆದ ವರ್ಷ ಮುಂಗಡ ಪಡೆದಿದ್ದ ಮುದ್ರಕರೊಬ್ಬರು ಪುಸ್ತಿಕೆಯನ್ನು ಕೊಡಲಿಲ್ಲ, ಹಣವೂ ಮರಳಲಿಲ್ಲ. ಅದೇ ತಿಂಗಳು ನನ್ನ ತಂದೆಯವರು ಆಸ್ಪತ್ರೆಯಲ್ಲಿದ್ದರು. ಆಟವನ್ನು ನಿಲ್ಲಿಸುತ್ತೇನೆಂದು ನಾನು ಹೇಳಿದ ಸಂಜೆ ವಿದ್ಯಾನಗರದ ಗೆಳೆಯರು ಏನೂ ವಾದಿಸದೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ಎಂಟು ಜನರು ಕೂಡಿಸಿದ ಹಣದ ಲಕೋಟೆಯನ್ನು ನನ್ನ ತಾಯಿಯ ಕೈಗಿಟ್ಟು ಹೋದರು. ಆ ಹಣ ಈಗ ತೀರಿದೆ. ತಂದೆಯವರು ಗುಣವಾಗಿದ್ದಾರೆ, ಸಂಜೆ ನನ್ನೊಡನೆ ಚೋಳರ ದಂಡನ್ನು ಆಡುತ್ತಾರೆ.

ಮನೆಯ ಊಟದ ಮೇಜನ್ನು ನಾಲ್ಕು ವರ್ಷ ರಣರಂಗಕ್ಕೆ ಬಿಟ್ಟುಕೊಟ್ಟು ಪಡಸಾಲೆಯ ನೆಲದ ಮೇಲೆ ಉಂಡ ನನ್ನ ಹೆಂಡತಿಗೂ ಮಗನಿಗೂ ನಾನು ಎಂದೆಂದೂ ಕೃತಜ್ಞ.

ಎರಡನೆಯ ಮುದ್ರಣ ಆರಂಭವಾಗಿದೆ. ಹಾವೇರಿಯ ಆ ಹುಡುಗಿ ಪುಸ್ತಿಕೆ ಒಯ್ದ ಮೂರನೆಯ ದಿನವೇ ಅಜ್ಜನ ಫೋನಿನಿಂದ ಕರೆ ಮಾಡಿ, ಬೆದರಿದ ಆನೆ ಹೊಳೆಯ ದಂಡೆಗೆ ಬಂದರೆ ನೀರಿಗಿಳಿಯುತ್ತದೆಯೋ ಪಕ್ಕಕ್ಕೆ ತಿರುಗುತ್ತದೆಯೋ ಎಂಬುದು ಎಲ್ಲಿಯೂ ಬರೆದಿಲ್ಲ ಎಂದು ತಿಳಿಸಿದಳು. ಅವಳು ಹೇಳಿದ್ದು ಸರಿ. ಆ ನಿಯಮವನ್ನು ಸೇರಿಸಿದ ಹಾಳೆಯನ್ನು ಮೊದಲ ಮುದ್ರಣ ಕೊಂಡವರೆಲ್ಲರಿಗೂ ಉಚಿತವಾಗಿ ಕಳುಹಿಸುತ್ತಿದ್ದೇನೆ. ಮೊದಲ ಹಾಳೆ ನಿನ್ನೆ ಹಾವೇರಿಗೆ ಹೋಯಿತು.