ಐದು ದಿನ

ಪುಟ್ಟಿ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೂ ನೀನು ಎತ್ತುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಅರ್ಧ ಓದಿ ಬಿಡುತ್ತೀಯ. ಅದಕ್ಕೆ ಈ ಕಾಗದ.

"ಐದು ದಿನ ಅಹ್ ಮಾ ಕೆಳಗಡೆನೇ ಇದ್ದರು. ನೀನು ನನಗೆ ಒಂದು ಮಾತು ಹೇಳಲಿಲ್ಲ" ಅಂದೆ. ನಿಜ. ನೀನು ಅಹ್ ಮಾ, ಅಜ್ಜಿ, ಅಂತ ಕರೆಯುತ್ತಿದ್ದ ನೆರೆಮನೆಯವರು ತೀರಿಕೊಂಡರು, ನಾನು ಹೇಳಲಿಲ್ಲ. ಮೆಲ್ಬರ್ನಿನಿಂದ ಸಿಂಗಪುರಕ್ಕೆ ಎಂಟು ಗಂಟೆಯ ಹಾದಿ. ಹೇಳಿದ್ದರೆ ನೀನು ಬರುತ್ತಿದ್ದೆ, ಪರೀಕ್ಷೆ ಬಿಟ್ಟಾದರೂ ಬರುತ್ತಿದ್ದೆ. ಅದು ಗೊತ್ತಿದ್ದೇ ನಾನು ಹೇಳಲಿಲ್ಲ.

ಅವರ ಕಾಯಿಲೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳಿದರಂತೆ. ಮಗ ಬಂದು ನಮಗೆಲ್ಲ ಹೇಳಿದ, ಆದರೆ ಅಹ್ ಮಾಗೆ ಮಾತ್ರ ಹೇಳಬೇಡಿ ಅಂದ. ಚೀನೀ ಮನೆಗಳಲ್ಲಿ ಇದು ಹೊಸದಲ್ಲ. ದೊಡ್ಡವರಿಗೆ ಕಾಯಿಲೆಯ ಹೆಸರು ಹೇಳಿದರೆ ಧೈರ್ಯ ಕುಂದುತ್ತದೆ, ಆ ಭಾರ ಮಕ್ಕಳೇ ಹೊರಬೇಕು ಅನ್ನುವ ಲೆಕ್ಕ. ನಮ್ಮ ಮೈಸೂರಿನ ಮನೆಯಲ್ಲೂ ತಾತನಿಗೆ ಹಾಗೇ ಮಾಡಿದ್ದರು. ನಾನು ಅವರಿಗೆ ಹೇಳಲಿಲ್ಲ, ಸರಿ. ನಿನಗೂ ಹೇಳಲಿಲ್ಲ. ಅದು ಅವರ ಮನೆಯ ಪದ್ಧತಿ ಅಲ್ಲ, ನನ್ನ ಹೆದರಿಕೆ. ತಪ್ಪಾಯಿತು.

ಆ ಐದು ದಿನ ಏನು ನಡೆಯಿತು ಅಂತ ಕೇಳಿದೆಯಲ್ಲ. ನೀನು ಸ್ಕೇಟಿಂಗ್ ಕಲಿತ ಅದೇ ವಾಯ್ಡ್ ಡೆಕ್ಕಿನಲ್ಲಿ, ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಬಿಳಿ ಪರದೆ ಕಟ್ಟಿ, ಅವರನ್ನು ಮಲಗಿಸಿದ್ದರು. ಮೊಮ್ಮಕ್ಕಳ ತೋಳಿಗೆ ನೀಲಿ ಬಟ್ಟೆಯ ಸಣ್ಣ ಚೌಕ ಪಿನ್ ಮಾಡಿದ್ದರು. ಬಂದವರಿಗೆಲ್ಲ ಕಡಲೆಕಾಯಿ, ಪೆಪ್ಪರಮೆಂಟು, ಒಂದು ಎಳೆ ಕೆಂಪು ದಾರ. ದಾರವನ್ನು ಮನೆಯೊಳಗೆ ತರಬಾರದು, ಹೊರಗೇ ಬಿಡಬೇಕು. ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದಿರಬೇಕು. ನಾನು ಸೊಸೆಯಂದಿರ ಜೊತೆ ಕೂತು ಚಿನ್ನದ ಬಣ್ಣದ ಕಾಗದ ಮಡಚಿದೆ. ದೋಣಿಯ ಹಾಗೆ ಮಡಚಬೇಕು, ಅದೇ ಅವರ ಹಳೇ ಕಾಲದ ಚಿನ್ನದ ಗಟ್ಟಿ. ಸುಟ್ಟರೆ ಹೋದವರಿಗೆ ಸೇರುತ್ತದೆ. ನಿನ್ನ ಪಾಲಿನದು ಅಂತ ಇಪ್ಪತ್ತೊಂದು ಬೇರೆಯಾಗಿ ಮಡಚಿದೆ. ಬೆಂಕಿಗೆ ಹಾಕುವಾಗ ನಿನ್ನ ಹೆಸರು ಹೇಳಿದೆ.

ಬಿಳಿ ಕವರಿನಲ್ಲಿ ನೂರ ಒಂದು ಡಾಲರ್ ಇಟ್ಟೆ. ಅವರಲ್ಲಿ ಸಾವಿಗೆ ಕೊಡುವ ಹಣ ಬೆಸವಾಗಿರಬೇಕು, ಶುಭಕ್ಕೆ ಸಮ. ನಮ್ಮಲ್ಲಿ ಮದುವೆಗೇ ನೂರ ಒಂದು. ಇದು ಗೊತ್ತಿಲ್ಲದೆ ಅವರ ಚಿಕ್ಕ ಮಗನ ಮದುವೆಗೆ ನಾನು ಐವತ್ತೊಂದು ಕೊಟ್ಟಿದ್ದೆ. ಕವರನ್ನು ಮಗನಿಗೆ ಕೊಡುವ ಮೊದಲು ಅಹ್ ಮಾ ಅದಕ್ಕೆ ಒಂದು ಡಾಲರ್ ಸೇರಿಸಿದರು. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಸೊಸೆಯ ಬಾಯಿಂದ. ಅವರು ಒಂದು ದಿನವೂ ಎತ್ತಿ ಆಡಲಿಲ್ಲ.

ಅವರು ಎತ್ತಿ ಆಡದ ಇನ್ನೊಂದು ವಿಷಯವಿದೆ ಪುಟ್ಟಿ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ನಿನಗೆ ಆಗ ಏಳು ವರ್ಷ. ನೆನಪಿದೆಯೋ ಇಲ್ಲವೋ. ಇಲ್ಲದಿದ್ದರೆ ಒಳ್ಳೆಯದು ಅಂತ ಇಷ್ಟು ದಿನ ಅಂದುಕೊಂಡಿದ್ದೆ.

2008ರ ಆಗಸ್ಟ್. ಅವರ ಏಳನೇ ತಿಂಗಳು. ಹಿರಿಯರಿಗೆ ಎಡೆ ಇಡುವ ಕಾಲ, ನಮ್ಮ ಪಿತೃಪಕ್ಷದ ಹಾಗೆ. ನಾನು ಆಫೀಸಿನಿಂದ ಬಂದಾಗ ನೀನು ಅವರ ಮನೆಯಿಂದ ಓಡಿ ಬಂದೆ. ಕೈಯಲ್ಲಿ ಗುಲಾಬಿ ಬಣ್ಣದ ಪಂಗ್ ಕುಏ, ಅವರ ಅಕ್ಕಿ ಹಿಟ್ಟಿನ ಕಡುಬು. ಪೀಚ್ ಹಣ್ಣಿನ ಆಕಾರ, ಮೇಲೆ ಅಚ್ಚಿನ ಗೆರೆಗಳು. ಅರ್ಧ ತಿಂದಿದ್ದೆ. ಒಳಗೆ ಅಂಟಕ್ಕಿ ಅನ್ನ, ಕಡಲೆಬೀಜ, ಅಣಬೆ. ನಡುವೆ ಕಿತ್ತಳೆ ಬಣ್ಣದ ಏನೋ ಒಂದು ಸುರುಳಿ. ಒಣ ಸಿಗಡಿ. ನಾನು ನಿನ್ನ ಕೈಯಿಂದ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ. ಬೇಸಿನ್ನಿನ ಹತ್ತಿರ ನಿಲ್ಲಿಸಿ ಮೂರು ಸಲ ಬಾಯಿ ಮುಕ್ಕಳಿಸುವಂತೆ ಮಾಡಿದೆ. ನೀನು ಅಳುತ್ತಿದ್ದೆ. ತಿರುಗಿ ನೋಡಿದರೆ ಗ್ರಿಲ್ಲಿನ ಆಚೆ ಅಹ್ ಮಾ ನಿಂತಿದ್ದರು. ಕೈಯಲ್ಲಿ ನೀಲಿ ಅಂಚಿನ ತಟ್ಟೆ, ಅದರಲ್ಲಿ ನನಗೂ ನಿನ್ನ ಅಪ್ಪನಿಗೂ ಅಂತ ಇನ್ನೂ ನಾಲ್ಕು.

ಅವರು ಬುಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ "ಬೋ ಯಾವ್ ಕಿನ್" ಅಂದು ಹೊರಟುಹೋದರು. ಪರವಾಗಿಲ್ಲ ಅಂತ. ಆ ಮಾತಿನ ಅರ್ಥ ನನಗೆ ಹೇಳಿದವಳು ನೀನೇ, ಬಿಕ್ಕುತ್ತಾ.

ಸಿಗಡಿ ಒಂದೇ ಕಾರಣವಾಗಿರಲಿಲ್ಲ. ಸತ್ತವರಿಗೆ ಇಟ್ಟದ್ದನ್ನು ನನ್ನ ಮಗುವಿಗೆ ಕೊಟ್ಟರಲ್ಲ ಅನ್ನುವ ಸಿಟ್ಟೂ ಇತ್ತು. ನಾವು ತಿಥಿಯ ವಡೆ ತಿನ್ನುವುದಿಲ್ಲವಾ? ಹಿರಿಯರ ಪ್ರಸಾದ ಅಂತ ಮಕ್ಕಳನ್ನು ಕರೆದು ಕೊಡುವುದಿಲ್ಲವಾ? ಅವರು ಮಾಡಿದ್ದೂ ಅದೇ. ನಿನ್ನನ್ನು ಮನೆಯ ಮಗು ಅಂತ ಎಣಿಸಿ ಕೊಟ್ಟಿದ್ದರು. ನನಗೆ ಅದು ಹೊಳೆಯಲಿಲ್ಲ.

ಮರುದಿನ ಹೋಗಿ ಕ್ಷಮೆ ಕೇಳಬೇಕು ಅಂತ ಬಾಗಿಲವರೆಗೆ ಹೋದೆ. ಅಲ್ಲಿಂದ ಹಿಂದೆ ಬಂದೆ. ಎರಡು ಬಾಗಿಲ ನಡುವೆ ಎಂಟು ಹೆಜ್ಜೆ ಅಷ್ಟೇ.

ಮುಂದಿನ ಸಲ ಅವರ ಮನೆಯಿಂದ ಎರಡು ತಟ್ಟೆ ಬಂತು. ನಮ್ಮ ತಟ್ಟೆಯ ಪ್ರತಿಯೊಂದು ಕುಏಯ ಮೇಲೂ ಒಂದು ಕಡಲೆಬೀಜ ಒತ್ತಿದ್ದರು. ಸಿಗಡಿ ಇಲ್ಲದ್ದು ಅಂತ ಗುರುತು. ಆ ಕಡಲೆಬೀಜದ ಗುರುತು ಕೊನೆಯವರೆಗೂ ತಪ್ಪಲಿಲ್ಲ. ಅವರು ಪ್ರತಿ ಚಾಂದ್ರಮಾಸದ ಒಂದನೇ ದಿನ, ಹದಿನೈದನೇ ದಿನ ಮಾಂಸ ಬಿಡುತ್ತಿದ್ದರಲ್ಲ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ. ಆ ದಿನಗಳಲ್ಲೇ ನಮ್ಮನ್ನು ಊಟಕ್ಕೆ ಕರೆಯತೊಡಗಿದರು. ನಾನು ಹೋಗಿ ಬೀ ಹೂನ್ ಶಾವಿಗೆ ತಿಂದು, ಚೆನ್ನಾಗಿದೆ ಅಂದು ಬರುತ್ತಿದ್ದೆ. ಆ ಸಂಜೆಯ ಮಾತು ಮಾತ್ರ ಬಾಯಿಗೆ ಬರಲೇ ಇಲ್ಲ. ಆಸ್ಪತ್ರೆಯಲ್ಲೂ ಎರಡು ಸಲ ಹೇಳಲು ಹೋದೆ. ಎರಡು ಸಲವೂ ಅವರು "ಚಿಯಾ ಪಾ ಬುಏ" ಅಂತ ಕೇಳಿದರು. ಊಟ ಆಯ್ತು ಅಂದೆ. ಅಷ್ಟೇ ಆಯಿತು.

ನೀನು ಮೆಲ್ಬರ್ನಿನಿಂದ ಓಡಿ ಬಂದು ಅವರ ಕೈ ಹಿಡಿದು ಅಳುತ್ತಿದ್ದರೆ ನಾನು ಎಲ್ಲಿ ನಿಲ್ಲಬೇಕಿತ್ತು? ನಿನಗೆ ಹೇಳದೆ ಇದ್ದುದಕ್ಕೆ ಇದೂ ಒಂದು ಕಾರಣ. ಬರೆಯಲು ನಾಚಿಕೆಯಾಗುತ್ತದೆ.

ಅಲ್ಲಿ ನಿನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿ ಚೆಂಗ್ಡುವಿನವಳು ಅಂದಿದ್ದೆ. ಅವಳು ಅಡುಗೆ ಮಾಡುವಾಗ ನಾನು ಕಿಟಕಿ ತೆಗೆದಿಡುತ್ತೇನೆ ಅಂತ ನಕ್ಕೆ. ಹಾಗೆ ನಗಬೇಡ. ಅಹ್ ಮಾ ಅವರದು ದಕ್ಷಿಣ ಚೀನಾದ ಟಿಯೋಚ್ಯೂ ಅಡುಗೆ, ತೆಳು ಗಂಜಿ, ಆವಿಯಲ್ಲಿ ಬೇಯಿಸಿದ ಮೀನು, ಖಾರವೇ ಇಲ್ಲ. ಈ ಹುಡುಗಿಯದು ಸಿಚುವಾನ್, ನಾಲಿಗೆ ಜುಮ್ ಅನ್ನಿಸುವ ಮೆಣಸು. ಚೀನೀ ಊಟ ಅಂದರೆ ಒಂದೇ ಅಲ್ಲ, ಮೈಸೂರಿನ ಊಟ, ಮಂಗಳೂರಿನ ಊಟ ಒಂದೇ ಅಲ್ಲವಲ್ಲ ಹಾಗೆ. ಅವಳ ಹೊಸ ವರ್ಷದ ಹಿಂದಿನ ರಾತ್ರಿ ಇಡೀ ಮನೆ ಒಂದೇ ಮೇಜಿಗೆ ಕೂತು ಉಣ್ಣಬೇಕು. ಅವಳು ಅಷ್ಟು ದೂರದಲ್ಲಿ ಒಬ್ಬಳೇ ಇರುತ್ತಾಳೆ. ಆ ರಾತ್ರಿ ನೀನು ಲೈಬ್ರರಿ ಅಂತ ಹೋಗಬೇಡ. ಎರಡು ಕಿತ್ತಳೆ ತಗೊಂಡು ಎರಡೂ ಕೈಯಲ್ಲಿ ಕೊಡು. ನಿನಗೆ ತಿನ್ನಲಾಗದ್ದನ್ನು ಮೊದಲೇ ಹೇಳು, ಮುಖ ಸಿಂಡರಿಸಬೇಡ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ಇಡಬೇಡ, ಸತ್ತವರ ಮುಂದೆ ಊದುಕಡ್ಡಿ ನೆಟ್ಟ ಹಾಗೆ ಕಾಣುತ್ತದೆ. ಮತ್ತೆ ನೀನು ಹೊತ್ತು ಹೊತ್ತಿಗೆ ತಿನ್ನು. ರಾತ್ರಿ ಹನ್ನೊಂದಕ್ಕೆ ನೂಡಲ್ಸ್ ಊಟ ಅಲ್ಲ. ಇದೆಲ್ಲ ನಿನಗೆ ಗೊತ್ತು, ನನಗಿಂತ ಜಾಸ್ತಿ ಗೊತ್ತು. ಆದರೂ ಹೇಳುತ್ತಿದ್ದೇನೆ.

ಮೂರನೇ ರಾತ್ರಿ ಅವರ ದೊಡ್ಡ ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು. "ಆಂಟಿ, ಅಹ್ ಮಾ ಜೊತೆ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದವಳು ನಿಮ್ಮ ಮಗಳೇ" ಅಂದಳು. ಅವರ ಮೊಮ್ಮಕ್ಕಳೆಲ್ಲ ಶಾಲೆಯಲ್ಲಿ ಮ್ಯಾಂಡರಿನ್, ಇಂಗ್ಲಿಷ್ ಕಲಿತವರು. 1979ರಲ್ಲಿ ಸರ್ಕಾರ ಮ್ಯಾಂಡರಿನ್ನೇ ಮಾತಾಡಿ ಅಂತ ಪ್ರಚಾರ ಶುರುಮಾಡಿತಲ್ಲ, ಅಲ್ಲಿಂದ ಮನೆಯ ಭಾಷೆ ಮುದುಕರ ಬಾಯಲ್ಲಷ್ಟೇ ಉಳಿಯಿತು. ಅದು ನಿನ್ನ ಬಾಯಲ್ಲಿ ಸ್ವಲ್ಪ ಉಳಿದಿದೆ. ಮೈಸೂರಿಗೆ ಹೋದಾಗ ನೀನು ಎಲೆಯ ಮುಂದೆ ಕೂತು, "ತಾತ ಊಟ ಮಾಡಿ, ಅಜ್ಜಿ ಊಟ ಮಾಡಿ, ಅತ್ತೆ ಊಟ ಮಾಡಿ" ಅಂತ ಎಲ್ಲರನ್ನೂ ಕರೆದ ಮೇಲೇ ತುತ್ತು ಎತ್ತುತ್ತಿದ್ದೆ. ಅಮ್ಮ ಎಷ್ಟು ಚೆನ್ನಾಗಿ ಕಲಿಸಿದ್ದಾಳೆ ಅಂತ ಎಲ್ಲರೂ ನನ್ನನ್ನು ಹೊಗಳಿದರು. ನಾನು ಸುಮ್ನೆ ಇದ್ದೆ. ಕಲಿಸಿದ್ದು ನಾನಲ್ಲ.

ಇನ್ನು ಮೇಲೆ ಮುಚ್ಚಿಡುವುದಿಲ್ಲ. ನಿನ್ನ ಅಪ್ಪನ ಶುಗರ್ ಈ ತಿಂಗಳು ಸ್ವಲ್ಪ ಜಾಸ್ತಿ ಇದೆ. ಮಾತ್ರೆ ಬದಲಿಸಿದ್ದಾರೆ. ನಿಜವಾಗಿ ಅಷ್ಟೇ. ನೀನೂ ನನ್ನಿಂದ ಮುಚ್ಚಿಡಬೇಡ.

ಜುಲೈ ಕೊನೆಗೆ ನಲವತ್ತೊಂಬತ್ತನೇ ದಿನ. ಏಳು ಏಳು ದಿನದ ಏಳು ವಾರ. ಅವತ್ತು ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಇಡುತ್ತಾರೆ. ಈಗ ಆ ಮನೆಯಲ್ಲಿ ಕುಏ ಮಾಡುವವರಿಲ್ಲ, ಅಂಗಡಿಯಿಂದ ತರುತ್ತಾರೆ. ಸೊಸೆ ಅವರ ಮರದ ಅಚ್ಚನ್ನು ತಂದು ನನಗೆ ಕೊಟ್ಟಳು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೇ ಇದೆ. ಗೆರೆಗಳ ಸಂದಿನಲ್ಲಿ ಇನ್ನೂ ಅಕ್ಕಿ ಹಿಟ್ಟು ಇದೆ, ನಾನು ತೊಳೆದಿಲ್ಲ. ನಾನೇ ಮಾಡುತ್ತೇನೆ ಅಂದೆ. ಈ ಸಲ ಗುಲಾಬಿ ಬಣ್ಣ ಬೇಡ, ಬಿಳಿಯದೇ ಮಾಡಿ ಅಂದಳು. ನಿನ್ನೆ ಅಭ್ಯಾಸಕ್ಕೆ ಅಂತ ಆರು ಮಾಡಿದೆ. ನಾಲ್ಕು ಹರಿದವು.

ಮಾರ್ಕೆಟ್ಟಿಗೆ ಹೋಗಿ ನೂರು ಗ್ರಾಂ ಒಣ ಸಿಗಡಿ ತಂದಿದ್ದೇನೆ. ಬಾಲ್ಕನಿಯಲ್ಲಿ ಡಬ್ಬಿಯೊಳಗೆ ಇದೆ. ಅದನ್ನು ಎಷ್ಟು ಹೊತ್ತು ನೆನೆಸಬೇಕು, ಅನ್ನಕ್ಕೆ ಮೊದಲೇ ಹಾಕಬೇಕೋ ಹುರಿದು ಹಾಕಬೇಕೋ ನನಗೆ ಗೊತ್ತಿಲ್ಲ. ನೀನು ಸ್ಟೂಲಿನ ಮೇಲೆ ನಿಂತು ನೋಡಿದ್ದೆ. ಬರೆದು ತಿಳಿಸು. ಬರುವುದಾದರೆ ಬಾ, ಟಿಕೆಟ್ ನಾನು ಮಾಡಿಸುತ್ತೇನೆ.

ಅಮ್ಮ